ಏಳುತ್ತಿರುವ ಮನೆಯ ಫೋಟೊ ತೆಗೆಯುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳರಸ್ತೆಗಳಲ್ಲಿ ಹೋಗುವಾಗ ಅರ್ಧಕ್ಕೆ ನಿಂತ ಮುರಕಲ್ಲಿನ ಮನೆ ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲೇ ಟರ್ಪಾಲು ಹೊದೆಸಿದ ಹಳೆಮನೆ. ಒಂದರಿಂದ ಇನ್ನೊಂದಕ್ಕೆ ದಾಟಲು ಆ ಮನೆಯವರಿಗೆ ಎಷ್ಟು ಕಾಲ ಹಿಡಿಯಿತು? ಅದನ್ನು ಫೋಟೊಗಳಲ್ಲಿ ಹೇಳಬಹುದು. ಮೊಬೈಲ್ ಸಾಕು.

ಮೊದಲು ದುಡ್ಡಿನ ದಾರಿ ತಿಳಿದುಕೊಳ್ಳಿ. ಮನೆಯಿಲ್ಲದವರಿಗೆ ಮನೆ ಕಟ್ಟಿಕೊಳ್ಳಲು ಕೇರಳ ಸರಕಾರ 2016ರಲ್ಲಿ ಶುರುಮಾಡಿದ ಲೈಫ್ ಮಿಷನ್ ಯೋಜನೆಯಲ್ಲಿ ಸಾಮಾನ್ಯವಾಗಿ ಮನೆಗೆ 4 ಲಕ್ಷ ರೂಪಾಯಿ ಸಿಗುತ್ತದೆ, ಅದೂ ಕಂತುಗಳಲ್ಲಿ. ಕಂತು ತಡವಾದರೆ ಕೆಲಸವೂ ನಿಲ್ಲುತ್ತದೆ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಂತೂ ಪ್ರತಿ ಹಂತದ ಫೋಟೊ ಜಾಗದ ಗುರುತಿನ ಸಮೇತ ಆ್ಯಪ್‌ಗೆ ಹೋಗಬೇಕು. ಅದರಲ್ಲಿ ಗೋಡೆ ಕಂಡರೆ ಸಾಕು. ನಿಮ್ಮದರಲ್ಲಿ ಕಾಯುವವರೂ ಇರಲಿ.

ಆಮೇಲೆ ಅನುಮತಿ. ಕ್ಯಾಮೆರಾ ಕಂಡ ಕೂಡಲೇ ಪಂಚಾಯತಿನವರು ಬಂದರು ಅಂದುಕೊಳ್ಳುವವರಿದ್ದಾರೆ. "ಅಕ್ಕ, ನಾನು ಆಫೀಸಿನವನಲ್ಲ, ಸುಮ್ನೆ ಫೋಟೊಕ್ಕೆ ಬಂದದ್ದು" ಎಂದು ಮೊದಲೇ ಹೇಳಿಬಿಡಿ. ಕಂತಿನ ಆಸೆ ಹುಟ್ಟಿಸುವುದು ಪಾಪ.

ನಿಲ್ಲುವ ಜಾಗ ಒಂದೇ ಇರಲಿ. ಅಂಗಳದ ತೆಂಗಿನಮರ ಗುರುತಿಗಾಯಿತು. ಪಂಚಾಂಗ (ಅಡಿಪಾಯ), ಗೋಡೆ, ಸ್ಲ್ಯಾಬ್, ಸಾರಣೆ, ಎಲ್ಲವನ್ನೂ ಅಲ್ಲಿಂದಲೇ ತೆಗೆಯಿರಿ. ಹಳೆ ಫೋಟೊ ನೋಡಿಕೊಂಡು ಅಂಚು ಹೊಂದಿಸಿ.

ಒಳಗೆ ಹೋದರೆ ವೈಡ್ ಲೆನ್ಸ್ ಬೇಡ. ಆವಾಸ್ ಮನೆಯ ಕನಿಷ್ಠ ಅಳತೆ ಅಡುಗೆ ಜಾಗವೂ ಸೇರಿ 25 ಚದರ ಮೀಟರ್. ಅದನ್ನು ಕಲ್ಯಾಣಮಂಟಪದ ಹಾಗೆ ತೋರಿಸಿದರೆ ಸುಳ್ಳಾಗುತ್ತದೆ, ಅಲ್ವಾ? ಬಾಗಿಲಲ್ಲಿ ನಿಂತು, ಕಿಟಕಿಯ ಬೆಳಕಲ್ಲೇ ತೆಗೆಯಿರಿ.

ಗೋಡೆಗೆ ಜಾಸ್ತಿ ಹೊತ್ತು ಕೊಡಿ. ಬೆಳಗ್ಗಿನ ಓರೆ ಬಿಸಿಲಿಗೆ ಮುರಕಲ್ಲಿನ ಮೇಲೆ ಮೆಷಿನ್ ಕೊಯ್ದ ಗೀರುಗಳು ಎದ್ದು ಕಾಣುತ್ತವೆ. ಸಾರಣೆಗೆ ದುಡ್ಡು ಸಾಲದೆ ಮಳೆಗಾಲ ಕಳೆದ ಗೋಡೆಯಾದರೆ ಬುಡದಿಂದ ಪಾಚಿ ಏರಿರುತ್ತದೆ. ಕಿಟಕಿಗೆ ಬಾಗಿಲ ಬದಲು ಹಳೆ ಚುನಾವಣೆಯ ಫ್ಲೆಕ್ಸ್ ಕಟ್ಟಿರಬಹುದು. ಹತ್ತಿರ ಹೋಗಿ ತೆಗೆಯಿರಿ. ಎಷ್ಟು ಕಾದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮನೆ ಒಕ್ಕಲಿನ (ಗೃಹಪ್ರವೇಶದ) ದಿನ ಎಲ್ಲರೂ ಸಾಲಾಗಿ ನಿಂತ ಫೋಟೊ ಹೇಗೂ ಇರುತ್ತದೆ. ನೀವು ಅಡುಗೆಮನೆ ಕಡೆ ಹೋಗಿ.

ಪಾಸ್‌ಬುಕ್, ಆಧಾರ್ ನಂಬರ್ ಫ್ರೇಮಿನೊಳಗೆ ಬರದಂತೆ ನೋಡಿಕೊಳ್ಳಿ. ಕೊನೆಗೆ ಒಂದು ಸೆಟ್ ಪ್ರಿಂಟ್ ಮನೆಯವರಿಗೂ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಮೊಬೈಲ್ ಕೆಟ್ಟರೆ ಹೋಯಿತು.