ಮನೆಯ ಓರಣ ಹಿಂದಿನ ರಾತ್ರಿಯ ಕೆಲಸ: ನನ್ನ ಅನುಭವ

ನಮ್ಮದು ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಎರಡು ಮಲಗುವ ಕೋಣೆಗಳಿರುವ ಬಾಡಿಗೆ ಮನೆ. ಅತ್ತೆಯವರು, ಯಜಮಾನರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಕಚೇರಿಗೆ ಹೋಗುವ ನಾನು, ಹೀಗೆ ಐದು ಜನ. ಇಷ್ಟು ಜನರಿರುವ ಚಿಕ್ಕ ಮನೆಯಲ್ಲಿ ಗುಡಿಸಿ ಒರೆಸುವುದು ದೊಡ್ಡ ಕೆಲಸವೇನಲ್ಲ; ಗುಡಿಸಲು ನೆಲ ಕಾಣುವಂತೆ ಮಾಡಿಕೊಳ್ಳುವುದೇ ದೊಡ್ಡ ಕೆಲಸ. ಶಾಲೆಯ ಚೀಲ, ಓದಿ ಬಿಟ್ಟ ಪತ್ರಿಕೆ, ಚಾರ್ಜರಿನ ತಂತಿ, ಒಗೆದು ತಂದು ಮಡಚದೆ ಬಿಟ್ಟ ಬಟ್ಟೆ, ಇವನ್ನೆಲ್ಲ ಎತ್ತಿಡುವುದರಲ್ಲೇ ಬೆಳಗಿನ ಹೊತ್ತು ಕಳೆದುಹೋಗುತ್ತದೆ. ಆದ್ದರಿಂದ ಎತ್ತಿಡುವ ಕೆಲಸವನ್ನು ಪೂರ್ತಿಯಾಗಿ ರಾತ್ರಿಗೆ ಕೊಟ್ಟು, ಪೊರಕೆ ಮತ್ತು ಒರೆಸುವ ಬಟ್ಟೆಯ ಕೆಲಸವನ್ನಷ್ಟೇ ಬೆಳಿಗ್ಗೆಗೆ ಉಳಿಸಿಕೊಂಡಿದ್ದೇನೆ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಪೊರಕೆ ಹಿಡಿಯಬಾರದೆಂಬುದು ಅತ್ತೆಯವರ ಕಟ್ಟುನಿಟ್ಟು. ಈ ಏರ್ಪಾಟು ಅದಕ್ಕೂ ಹೊಂದಿಕೊಂಡಿತು.

ರಾತ್ರಿಯ ಕೆಲಸದಲ್ಲಿ ಅಡುಗೆಮನೆಯದೇ ಮುಕ್ಕಾಲು ಪಾಲು. ಸಿಂಕಿನಲ್ಲಿ ಒಂದು ಲೋಟವನ್ನೂ ಬಿಟ್ಟು ಮಲಗುವುದಿಲ್ಲವೆಂಬ ನಿಯಮವನ್ನು ನಾನು ಬರೀ ಅಂದಕ್ಕಾಗಿ ಮಾಡಿಕೊಂಡದ್ದಲ್ಲ. ಜಿರಳೆಗಳು ಅನ್ನ ನೀರು ಹುಡುಕಿಕೊಂಡು ಹೊರಬರುವುದು ರಾತ್ರಿಯೇ ಆದ್ದರಿಂದ, ಎಂಜಲು ತಟ್ಟೆಯೂ ಒದ್ದೆ ಸಿಂಕೂ ಇರುವ ಮನೆಯಲ್ಲಿ ಯಾವ ಔಷಧಿ ಸಿಂಪಡಿಸಿದರೂ ಅವು ಮತ್ತೆ ಬರುತ್ತವೆ. ಹಾಲು ಕಾಯಿಸಿದ ಪಾತ್ರೆ ಮತ್ತು ಅನ್ನದ ಪಾತ್ರೆಗಳಿಗೆ ಖಾಲಿಯಾದ ಕೂಡಲೇ ನೀರು ತುಂಬಿಸಿಡುತ್ತೇವೆ. ಊಟ ಮುಗಿಯುವಷ್ಟರಲ್ಲಿ ತಳ ನೆನೆದು, ಉಜ್ಜುವ ಶ್ರಮ ಅರ್ಧಕ್ಕೆ ಇಳಿಯುತ್ತದೆ. ಒಗ್ಗರಣೆಯಿಂದ ಸಿಡಿದ ಎಣ್ಣೆಯನ್ನು ಒಲೆ ಇನ್ನೂ ಉಗುರುಬೆಚ್ಚಗಿರುವಾಗಲೇ ಒರೆಸಿಬಿಡಬೇಕು, ಏಕೆಂದರೆ ನಾಲ್ಕು ದಿನ ಬಿಟ್ಟರೆ ಅದು ಧೂಳನ್ನು ಹಿಡಿದುಕೊಂಡು ಅಂಟಾಗುತ್ತದೆ, ಆಮೇಲೆ ಸೋಪಿನ ನೀರಿಗೂ ಜಗ್ಗುವುದಿಲ್ಲ. ಪಾತ್ರೆಗಳಾದ ಮೇಲೆ ಸಿಂಕಿನ ಜಾಲರಿಯನ್ನು ಕೊಡವಿ, ಕಟ್ಟೆಯನ್ನು ಒಮ್ಮೆ ಒದ್ದೆ ಬಟ್ಟೆಯಲ್ಲಿ, ಇನ್ನೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಗಳನ್ನು ಹಿಂಡಿ ಗಾಳಿಯಾಡುವಲ್ಲಿ ಹರವುತ್ತೇನೆ. ಮುದ್ದೆಯಾಗಿ ಬಿದ್ದಿದ್ದ ಬಟ್ಟೆಯಿಂದ ಮರುದಿನ ಕಟ್ಟೆ ಒರೆಸಿದರೆ ಮುಗ್ಗಲು ವಾಸನೆಯನ್ನು ಬಳಿದಂತೆಯೇ ಸರಿ.

ನಾನು ಅಡುಗೆಮನೆಯಲ್ಲಿರುವಾಗ ಮಕ್ಕಳು ಒಂದು ಬೆತ್ತದ ಬುಟ್ಟಿ ಹಿಡಿದು ಹಜಾರವನ್ನು ಸುತ್ತುತ್ತಾರೆ. ಅಲ್ಲಿಗೆ ಸೇರದ ವಸ್ತುಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡು, ಕೋಣೆಯಿಂದ ಕೋಣೆಗೆ ಹೋಗಿ ಅವುಗಳ ಜಾಗದಲ್ಲಿ ಇಟ್ಟು ಬರುವುದು ಅವರ ಕೆಲಸ. ಕೊನೆಗೂ ಬುಟ್ಟಿಯಲ್ಲೇ ಉಳಿಯುವ ವಸ್ತುಗಳಿರುತ್ತವಲ್ಲ, ಅವುಗಳಿಗೆ ಮನೆಯಲ್ಲಿ ಜಾಗವೇ ಇಲ್ಲವೆಂದು ಅರ್ಥ. ಹೀಗೆ ಉಳಿದದ್ದನ್ನು ನೋಡಿಯೇ ಬಾಗಿಲ ಪಕ್ಕ ಬೀಗದ ಕೈಗಳಿಗೆ ಮೊಳೆ ಹೊಡೆಸಿದೆವು, ಬಿಲ್ಲುಗಳಿಗೆ ಒಂದು ಲಕೋಟೆ ತೂಗುಹಾಕಿದೆವು, ಅತ್ತೆಯವರ ಮಾತ್ರೆಗಳಿಗೆ ಒಂದು ಡಬ್ಬಿ ಇಟ್ಟೆವು. ಒಮ್ಮೆ ಉಟ್ಟರೂ ಇನ್ನೂ ಒಗೆಯಲು ಹಾಕದ ಬಟ್ಟೆಗಳದು ಬೇರೆಯೇ ತಕರಾರು. ಅವನ್ನು ಬೀರುವಿನಲ್ಲಿ ಇಡಲು ಮನಸ್ಸು ಬಾರದೆ ಎಲ್ಲರೂ ಕುರ್ಚಿಯ ಮೇಲೆ ಹಾಕುತ್ತಾರೆ. ಬಾಗಿಲ ಹಿಂದೆ ತಲಾ ಎರಡು ಕೊಕ್ಕೆಗಳನ್ನು ಕೊಟ್ಟ ಮೇಲೆ ಕುರ್ಚಿ ಖಾಲಿಯಾಯಿತು, ಯಜಮಾನರ ಕುರ್ಚಿಯೊಂದನ್ನು ಬಿಟ್ಟು.

ಬೆಳಿಗ್ಗೆ ಮೊದಲು ಧೂಳು ಹೊಡೆದು, ಫ್ಯಾನ್ ನಿಲ್ಲಿಸಿ, ಒಳಕೋಣೆಯಿಂದ ತಲೆಬಾಗಿಲಿನ ಕಡೆಗೆ ಗುಡಿಸಿಕೊಂಡು ಬರುತ್ತೇನೆ. ಒಳಗೆ ಹುಲ್ಲಿನ ಪೊರಕೆ, ಅಂಗಳಕ್ಕೆ ಕಡ್ಡಿ ಪೊರಕೆ. ನಮ್ಮ ಮನೆಯದು ಮೊಸಾಯಿಕ್ ನೆಲ. ಸಿಮೆಂಟಿನಲ್ಲಿ ಅಮೃತಶಿಲೆಯ ಚೂರುಗಳನ್ನು ಕೂಡಿಸಿ ಮಾಡಿದ ಈ ನೆಲವನ್ನು ಆಮ್ಲ ತಿನ್ನುತ್ತದೆ. ಆದ್ದರಿಂದ ಕಲೆ ಎಷ್ಟೇ ಹಟ ಮಾಡಿದರೂ ನಾನು ಆಸಿಡ್ ಮುಟ್ಟುವುದಿಲ್ಲ, ಸೌಮ್ಯ ಸೋಪಿನ ನೀರೇ ಸಾಕು.

ಕಸದ ವಿಷಯದಲ್ಲಿ ನಮ್ಮ ನಗರದ ನಿಯಮವೇ ನನ್ನ ದಿನಚರಿಯ ಭಾಗವಾಗಿದೆ. 2015ರಲ್ಲಿ ಹೈಕೋರ್ಟ್ ಆದೇಶದ ನಂತರ ಬಂದ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯಂತೆ ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್ ಮತ್ತು ಸ್ಯಾನಿಟರಿ ಪ್ಯಾಡಿನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಕಿಟಕಿಯ ಸರಳಿಗೆ ಕ್ಲಿಪ್ ಹಾಕಿ ಒಣಗಿಸಿದ ಮೇಲೆಯೇ ಚೀಲಕ್ಕೆ ಹಾಕುತ್ತೇವೆ, ಇಲ್ಲದಿದ್ದರೆ ಒಣ ಕಸದ ಚೀಲವೂ ನಾರುತ್ತದೆ.

ದಿನವೂ ಬೇಡದ ಕೆಲಸಗಳನ್ನು ಶನಿವಾರಕ್ಕೆ ಇಟ್ಟಿದ್ದೇನೆ. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ ಮತ್ತು ಬಚ್ಚಲಿನ ಬಕೆಟ್ಟುಗಳ ನೀರನ್ನು ಅಂದು ಚೆಲ್ಲಿ, ಒಳಮೈಯನ್ನು ಉಜ್ಜುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿರುವ ಇಂಥ ಪಾತ್ರೆಗಳ ಒಳಗೋಡೆಯಲ್ಲೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕಾಗುವುದರಿಂದ ಈ ಕೆಲಸವೊಂದು ಮಾತ್ರ ವಾರ ತಪ್ಪುವಂತಿಲ್ಲ. ಬೋರ್‌ವೆಲ್ ನೀರಿನಿಂದ ನಲ್ಲಿಗಳ ಮೇಲೆ ಕಟ್ಟುವ ಬಿಳಿ ಪೊರೆಗೆ ನಿಂಬೆಹಣ್ಣಿನ ಹೋಳು ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯುತ್ತೇನೆ. ಶೌಚಾಲಯಕ್ಕೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಆಸಿಡ್ ಬಾಟಲಿಯನ್ನು ಹತ್ತಿರಕ್ಕೂ ತರುವುದಿಲ್ಲ; ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹುಟ್ಟುತ್ತದೆ.

ಅಟ್ಟವನ್ನು ಮಾತ್ರ ಈ ದಿನಚರಿಗೆ ಸೇರಿಸಿಲ್ಲ. ಅದು ಆಯುಧಪೂಜೆಯ ಹಿಂದಿನ ವಾರದ ಪಾಲು. ಅಲ್ಲಿಯವರೆಗೆ ಅದರ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಮಕ್ಕಳ ಕಪಾಟಿನ ಒಳಗನ್ನೂ ಅವರಿಗೇ ಬಿಟ್ಟಿದ್ದೇನೆ. ಅದರ ಬಾಗಿಲು ಹಾಕಿಕೊಳ್ಳುವಷ್ಟು ಜಾಗ ಉಳಿದಿದ್ದರೆ ನನ್ನ ತಕರಾರಿಲ್ಲ.