ಶಿರಸಿಗೆ ಹೊರಟಿರಾ? ಮೊದಲು ಘಟ್ಟ ಯಾವುದೆಂದು ಕೇಳಿ

ಕಾರವಾರದಿಂದ ಶಿರಸಿಗೆ ಹೊಸದಾಗಿ ಹೊರಟವರು ಕೇಳುವುದು ‘ಎಷ್ಟು ಕಿಲೋಮೀಟರ್?’ ಎಂದು. ನಮ್ಮ ಕಡೆಯವರ ಪ್ರಶ್ನೆ ಬೇರೆ: ‘ಯಾವ ಘಟ್ಟ ಹತ್ತಿ ಹೋಗ್ತೀರಿ?’ ಊರಿಗೆ ರೈಲಿಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿರುವ ಶಿರಸಿಗೆ ಕರಾವಳಿಯಿಂದ ಹೇಗೆ ಹೋದರೂ ಒಂದು ಘಟ್ಟ ಹತ್ತಲೇಬೇಕು.

ರೂಢಿಯ ದಾರಿ ದೇವಿಮನೆ ಘಟ್ಟದ್ದು. ಹೆದ್ದಾರಿ 66 ಹಿಡಿದು ಅಂಕೋಲಾ ದಾಟಿ ಕುಮಟಾ ಕಡೆ ಬಂದು, ಕತಗಾಲ, ದೇವಿಮನೆ, ರಾಗಿಹೊಸಳ್ಳಿ ಮೇಲೆ ಶಿರಸಿ. ಕುಮಟಾದಿಂದ ಸುಮಾರು 60 ಕಿ.ಮೀ. ಇನ್ನೊಂದು ದಾರಿ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗಿ ತಿರುಗುವುದು. ಅದು ಸುತ್ತು, ಮೇಲಾಗಿ ಹುಬ್ಬಳ್ಳಿ ಲಾರಿಗಳ ಸಾಲು. ಆದರೆ ದೇವಿಮನೆ ಬಂದ್ ಆದ ದಿನ ಅದೇ ಗತಿ.

ಬಂದ್ ಆಗುವುದೇನೂ ಅಪರೂಪವಲ್ಲ. ರಸ್ತೆ ಅಗಲ ಮಾಡುವ ಕೆಲಸಕ್ಕೆಂದು ಮುಚ್ಚಿದ್ದುಂಟು, ಮಳೆಗಾಲದಲ್ಲಿ ಮಣ್ಣು ಕುಸಿದದ್ದುಂಟು, ಕತಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆಗೇ ಬಂದದ್ದೂ ಉಂಟು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗಂತೂ ಘಟ್ಟದ ಮಾತಿರಲಿ, ಅಂಕೋಲಾ–ಕುಮಟಾ ನಡುವಿನ ಹೆದ್ದಾರಿಯೇ ಕಡಿದುಹೋಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಡುವ ಬೆಳಿಗ್ಗೆಯೇ ಬಸ್ ನಿಲ್ದಾಣದಲ್ಲೋ ಘಟ್ಟದ ಮೇಲಿನ ನೆಂಟರಲ್ಲೋ ವಿಚಾರಿಸಿಕೊಳ್ಳಿ. ನಿನ್ನೆಯ ಸುದ್ದಿ ಇವತ್ತಿಗೆ ಬರುವುದಿಲ್ಲ.

ಬಸ್ಸಾದರೆ: ಕಾರವಾರದಿಂದ ನೇರ ಬಸ್ ಸಿಕ್ಕರೆ ಸರಿ, ಇಲ್ಲವಾದರೆ ಅದಕ್ಕೇ ಕಾಯುತ್ತ ಕೂರಬೇಡಿ. ಕುಮಟಾ ಬಸ್ ಹತ್ತಿ, ಅಲ್ಲಿ ಬದಲಿಸಿ. ರೈಲಿನಲ್ಲಿ ಕುಮಟಾಕ್ಕೆ ಬರುವವರು ಬಸ್ ನಿಲ್ದಾಣಕ್ಕೆ ಆಟೊ ಹಿಡಿಯಬೇಕು. ಕುಮಟಾದಿಂದ ಮೇಲಕ್ಕೆ ಎರಡು ತಾಸು ಹಿಡಿಯಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ, ಗುರುತಿನ ಚೀಟಿ ಮಾತ್ರ ಕೈಯಲ್ಲಿರಲಿ.

ಇನ್ನು ಸೀಟು. ಹಿಂದಿನ ಚಕ್ರದ ಮೇಲೆ ಅಥವಾ ಕೊನೆಯ ಸಾಲಿನಲ್ಲಿ ಕೂತರೆ ಪ್ರತಿ ತಿರುವಿನಲ್ಲೂ ಹೊಟ್ಟೆ ಒಂದು ಕಡೆ, ನೀವು ಒಂದು ಕಡೆ. ಮುಂದಿನ ಅರ್ಧದಲ್ಲಿ, ಕಿಟಕಿ ಪಕ್ಕ ಕೂತು ರಸ್ತೆ ನೋಡುತ್ತಿರಿ. ಮೊಬೈಲ್ ಕಿಸೆಯಲ್ಲಿರಲಿ. ನನ್ನ ಚೀಲದಲ್ಲಿ ಯಾವತ್ತೂ ಒಂದು ಲಿಂಬೆಹಣ್ಣು ಇರುತ್ತದೆ. ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿದರೆ ಅರ್ಧ ಘಟ್ಟ ಕಳೆಯುತ್ತದೆ. ಒಮ್ಮೆ ಕುಮಟಾದಲ್ಲಿ ಹೊಟ್ಟೆ ಬಿರಿಯೆ ಬನ್ಸ್ ತಿಂದು ಹತ್ತಿದೆ. ದೇವಿಮನೆ ಬರುವಷ್ಟರಲ್ಲಿ ಲಿಂಬೆಗೂ ಕೈ ಮುಗಿದೆ, ದೇವಿಗೂ ಕೈ ಮುಗಿದೆ.

ಕಾರಾದರೆ: ಕುಮಟಾದಲ್ಲೇ ಎಣ್ಣೆ, ಗಾಳಿ, ಬ್ರೇಕ್ ನೋಡಿಕೊಳ್ಳಿ. ಇಕ್ಕಟ್ಟಿನಲ್ಲಿ ಮೇಲೆ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ, ಆದರೂ ಎದುರಿಗೆ ಬಸ್ ಬಂದರೆ ವಾದ ಬೇಡ, ಬದಿಗೆ ನಿಲ್ಲಿಸಿ. ಕಾಣದ ತಿರುವಿನಲ್ಲಿ ಹಾರ್ನ್ ಹೊಡೆಯಿರಿ. ಇಳಿಯುವಾಗ ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಬರೀ ಬ್ರೇಕ್ ಒತ್ತುತ್ತ ಬಂದರೆ ಅದು ಕಾದು ಸುಟ್ಟ ವಾಸನೆ ಕಾರೊಳಗೇ ಬರುತ್ತದೆ. ಬಂದರೆ ನಿಲ್ಲಿಸಿ ಆರಲು ಬಿಡಿ. ಮೊಬೈಲ್ ಮ್ಯಾಪ್ ಅಚವೆ ಮೇಲೆ ವಡ್ಡಿ ಘಟ್ಟದ ದಾರಿ ತೋರಿಸಿದರೆ, ಯಾಣ ನೋಡುವ ಮನಸ್ಸಿಲ್ಲದ ಹೊಸಬರು ಆ ಕಡೆ ತಿರುಗದಿರುವುದೇ ಒಳ್ಳೆಯದು. ರಸ್ತೆ ಕಿರಿದು, ಮಳೆಗಾಲದಲ್ಲಿ ಕೇಳುವುದೇ ಬೇಡ.

ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಕಾರು ಬಿಟ್ಟು ಬಸ್ ಹಿಡಿಯಿರಿ. ಶಿರಸಿಯಲ್ಲಿ ಹಳೆ ಬಸ್‌ಸ್ಟ್ಯಾಂಡ್, ಹೊಸ ಬಸ್‌ಸ್ಟ್ಯಾಂಡ್ ಎಂದು ಎರಡಿವೆ. ‘ಬಸ್‌ಸ್ಟ್ಯಾಂಡಿಗೆ ಬಾ’ ಎಂದಷ್ಟೇ ಹೇಳಿದ ನೆಂಟರಿಗೆ ಯಾವುದೆಂದು ಹತ್ತುವ ಮೊದಲೇ ಫೋನ್ ಮಾಡಿ ಕೇಳಿ. ಘಟ್ಟದ ನಡುವೆ ಸಿಗ್ನಲ್ ಇರುವುದಿಲ್ಲ.