ಆ್ಯಪ್ ಬಳಸುವವರ ತಲೆಗೆ ಬೀಳುವ ಹೊರೆಯನ್ನು ಅಳೆಯುವುದು ಹೇಗೆ?

ಹತ್ತು ಮಂದಿಯನ್ನು ಕೂರಿಸಿ ಆ್ಯಪ್ ಪರೀಕ್ಷಿಸಿ, ಒಂಬತ್ತು ಮಂದಿ ಬಿಲ್ ಕಟ್ಟಿದರೆಂದು ಸಮಾಧಾನಪಟ್ಟುಕೊಳ್ಳುವ ತಂಡಗಳನ್ನು ಸಾಕಷ್ಟು ಕಂಡಿದ್ದೇನೆ. ಆ ಒಂಬತ್ತು ಮಂದಿ ಎಷ್ಟು ತಿಣುಕಾಡಿ ಕಟ್ಟಿದರು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟುಕೊಂಡಿರುವುದಿಲ್ಲ.

ಮೊದಲು, ಆದಿ–ಅಂತ್ಯ ಸ್ಪಷ್ಟವಾಗಿರುವ ಮೂರು ನಾಲ್ಕು ಕೆಲಸಗಳನ್ನು ಆರಿಸಿಕೊಳ್ಳಿ. ‘ಆ್ಯಪ್ ನೋಡಿ, ಹೇಗಿದೆ ಹೇಳಿ’ ಎನ್ನುವುದು ಕೆಲಸವಲ್ಲ, ‘ಈ ತಿಂಗಳ ವಿದ್ಯುತ್ ಬಿಲ್ ಕಟ್ಟಿ’ ಎನ್ನುವುದು ಕೆಲಸ. ಒಬ್ಬೊಬ್ಬರಿಗೂ ಕೆಲಸಗಳ ಸರದಿಯನ್ನು ಬದಲಿಸಿ, ಇಲ್ಲವಾದರೆ ಕೊನೆಯ ಕೆಲಸದ ಅಂಕದಲ್ಲಿ ಬರೀ ಆಯಾಸವೇ ಸೇರಿಕೊಳ್ಳುತ್ತದೆ. ಕಚೇರಿಯ ಸಹೋದ್ಯೋಗಿಗಳನ್ನು ಕೂರಿಸಲೇಬೇಡಿ.

ಎರಡನೆಯದು, ಸುಮ್ಮನೆ ನೋಡುವುದು. ಸಮಯವನ್ನೂ ಅಳೆಯುತ್ತಿದ್ದರೆ, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದು ಅದೇ ಹೊತ್ತಿನಲ್ಲಿ ಕೇಳಬಾರದು. ಮಾತನಾಡುವುದೂ ತಲೆಗೆ ಒಂದು ಕೆಲಸವೇ. ಒಮ್ಮೆ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಓಟಿಪಿ ಬಂದ ಕೂಡಲೇ ಚೀಲದಿಂದ ಬಾಲ್‌ಪೆನ್ ತೆಗೆದು, ಆರು ಅಂಕಿಗಳನ್ನು ಎಡ ಅಂಗೈ ಮೇಲೆ ಬರೆದುಕೊಂಡು, ಕೈ ನೋಡಿ ನೋಡಿ ಒತ್ತಿದರು. ನಮ್ಮ ತಖ್ತೆಯಲ್ಲಿ ಆ ಕೆಲಸದ ಎದುರು ‘ಯಶಸ್ವಿ, ತಪ್ಪು 0’ ಎಂದು ದಾಖಲಾಗಿತ್ತು.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಶ್ರಮಕ್ಕೆ ಅಂಕ ಕೇಳುವಾಗ. ಇದಕ್ಕೆ ನಾನು ಬಳಸುವುದು ಸ್ಯಾಂಡ್ರಾ ಹಾರ್ಟ್ ಮತ್ತು ಲೋವೆಲ್ ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ, ಕೆಲಸದ ಹೊರೆಯನ್ನು ಅಳೆಯುವ ನಾಸಾ ಟಿಎಲ್‌ಎಕ್ಸ್ (ಟಾಸ್ಕ್ ಲೋಡ್ ಇಂಡೆಕ್ಸ್) ಪ್ರಶ್ನಾವಳಿಯನ್ನು. ಮಾನಸಿಕ ಶ್ರಮ, ದೈಹಿಕ ಶ್ರಮ, ಸಮಯದ ಒತ್ತಡ, ಸಾಧನೆ, ಪ್ರಯತ್ನ, ಕಿರಿಕಿರಿ ಎಂಬ ಆರು ಗೆರೆಗಳಿದ್ದು, ಪ್ರತಿಯೊಂದರ ಮೇಲೂ 0ಯಿಂದ 100ರವರೆಗೆ ಐದೈದರ ಅಂತರದಲ್ಲಿ ಗುರುತು ಹಾಕಿಸಬೇಕು. ಇದರಲ್ಲಿ ‘ಸಾಧನೆ’ಯ ಗೆರೆ ತಿರುಗುಮುರುಗಾಗಿದೆ: ಚೆನ್ನಾಗಿ ಆಯಿತು ಎಂಬುದು ಎಡತುದಿ, ಕೆಟ್ಟಿತು ಎಂಬುದು ಬಲತುದಿ. ಇದನ್ನು ಗಮನಿಸದೆ, ಕೆಲಸ ಮುಗಿದ ಖುಷಿಯಲ್ಲಿ ಬಲತುದಿಗೆ ಗುರುತು ಹಾಕುವವರು ಬಹಳ. ಆದ್ದರಿಂದ ಎರಡೂ ತುದಿಗಳಲ್ಲಿ ‘ಅಂದುಕೊಂಡಂತೆ ಆಯಿತು’, ‘ಆಗಲೇ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು, ಬೆರಳಿಟ್ಟು ತೋರಿಸಿ.

ಭಾಷಾಂತರವೂ ಅಷ್ಟೇ ಅಪಾಯಕಾರಿ. ‘ಮಾನಸಿಕ ಬೇಡಿಕೆ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಮಾನಸಿಕ ಒತ್ತಡ’ ಎಂದರೆ ಮಗಳ ಮದುವೆಯ ಸಾಲದ ಮಾತು ಬರುತ್ತದೆ. ‘ಇದನ್ನು ಮಾಡುವಾಗ ತಲೆಗೆ ಎಷ್ಟು ಕೆಲಸ ಬಿತ್ತು?’ ಎಂದು ಕೇಳುವುದೇ ಸರಿ. ಪ್ರತಿ ಕೆಲಸ ಮುಗಿದ ಮರುಕ್ಷಣವೇ ಕೇಳಬೇಕು. ಎಲ್ಲ ಮುಗಿದ ಮೇಲೆ ಕೇಳಿದರೆ ಕೊನೆಯ ಕೆಲಸದ ನೆನಪಷ್ಟೇ ಉಳಿದಿರುತ್ತದೆ. ಆ್ಯಪ್ ತಯಾರಿಸಿದವರು ಎದುರಿಗಿದ್ದರೆ ದಾಕ್ಷಿಣ್ಯಕ್ಕೆ ಎಲ್ಲವೂ ಸುಲಭವಾಗಿಬಿಡುವುದರಿಂದ ಅವರನ್ನು ಕೋಣೆಯ ಹೊರಗಿಡಿ. ಆರಂಭದಲ್ಲೇ ಬಳಕೆದಾರರಿಂದ ಒಂದರಿಂದ ಹತ್ತರವರೆಗೆ ಎಣಿಸಿಸಿ ಒಂದು ಗುರುತು, ನೂರರಿಂದ ಏಳೇಳನ್ನು ಕಳೆಯುತ್ತಾ ಹೋಗಲು ಹೇಳಿ ಇನ್ನೊಂದು ಗುರುತು ಹಾಕಿಸಿದರೆ, ಗೆರೆಯ ಅಳತೆ ಅವರ ಕೈಗೆ ಸಿಗುತ್ತದೆ. ಆರು ಅಂಶಗಳನ್ನು ಎರಡೆರಡಾಗಿ ಹೋಲಿಸಿ, ಯಾವುದಕ್ಕೆ ಎಷ್ಟು ಮಹತ್ವ ಎಂಬ ತೂಕ ನಿಗದಿಪಡಿಸುವ 15 ಪ್ರಶ್ನೆಗಳು ಮೂಲ ವಿಧಾನದಲ್ಲಿವೆ. ನಾನು ಅವನ್ನು ಬಿಟ್ಟು ನೇರ ಸರಾಸರಿ ತೆಗೆಯುತ್ತೇನೆ, ನೀವೂ ಬಿಡಿ.

ಐದು ನಗುಮುಖಗಳ ರೇಟಿಂಗ್ ತಂತ್ರಾಂಶಗಳು ಅಳೆಯುವುದು ಮೆಚ್ಚುಗೆಯನ್ನು, ಶ್ರಮವನ್ನಲ್ಲ. ವೆಬ್‌ಕ್ಯಾಮ್‌ನಲ್ಲಿ ಕಣ್ಣಿನ ಪಾಪೆ ನೋಡಿ ಶ್ರಮ ಹೇಳುತ್ತೇವೆನ್ನುವ ಅಗ್ಗದ ಸಲಕರಣೆಗಳಿಗೂ ಹಣ ಸುರಿಯಬೇಡಿ. ಅಂಕಿಗಳನ್ನು ನೆನಪಿನಲ್ಲಿ ಹಿಡಿದಿಡುವಾಗ ಪಾಪೆ ಹಿಗ್ಗುತ್ತದೆಂದು ಮನೋವಿಜ್ಞಾನಿಗಳಾದ ಕಾಹ್ನೆಮನ್ ಮತ್ತು ಬೀಟಿ 1966ರಲ್ಲೇ ತೋರಿಸಿದ್ದು ನಿಜ. ಆದರೆ ಪರದೆಯ ಬೆಳಕು ಬದಲಾದರೂ ಪಾಪೆಯ ಗಾತ್ರ ಬದಲಾಗುತ್ತದೆ.

ಕೊನೆಯದಾಗಿ, ಒಂದೇ ಕೆಲಸದ ಹಳೆಯ ಪರದೆಯ ಅಂಕವನ್ನು ಹೊಸ ಪರದೆಯ ಅಂಕದೊಂದಿಗೆ ಹೋಲಿಸಿ, ಪರೀಕ್ಷೆಯ ಚಿತ್ರೀಕರಣವನ್ನು ಬಳಕೆದಾರರಿಗೇ ತೋರಿಸಿ, ಅವರು ತಡೆದು ನಿಂತ ಜಾಗಗಳಲ್ಲಿ ಕಾರಣ ಕೇಳಿ. ಅಂಗೈ ಮೇಲೆ ಬರೆದುಕೊಂಡ ಮಹಿಳೆ ಮಾನಸಿಕ ಶ್ರಮಕ್ಕೆ ಕೊಟ್ಟಿದ್ದು 15. ಕಾರಣ ಕೇಳಿದಾಗ, ‘ಅದೇನು ಕಷ್ಟ ಬಿಡಿ ಸರ್, ಮೆಸೇಜು ಮಾಯವಾಗಿಬಿಡುತ್ತಲ್ಲ, ನಾನು ಯಾವಾಗಲೂ ಹೀಗೇ ಬರೆದುಕೊಳ್ಳೋದು’ ಎಂದರು. ವರದಿಯಲ್ಲಿ ಆ 15ರ ಪಕ್ಕದಲ್ಲೇ ಈ ಮಾತನ್ನೂ ಬರೆದೆವು.